ಬಾಮೈದ ತುಂಬಿಸಿ ತಂದ ಪೆಟ್ರೋಲ್

ಗೆಳೆಯರೇ, ಇವತ್ತು ಗುಬ್ಬಿಯ ನಮ್ಮ ಮನೆಯಲ್ಲಿ ಪೆಟ್ರೋಲಿನಿಂದ ಒಂದು ಮುನಿಸು ಹುಟ್ಟಿತು.

ನನ್ನ ಹತ್ತಿರ ಮರ ಕೊಯ್ಯುವ ಹಳೆಯ ಮಿಷನ್ ಇದೆ. ಒಂದೇ ಕೈಯಲ್ಲಿ ಎತ್ತುವಷ್ಟು ಹಗುರ. ಬಿಡಿಭಾಗ ಸಿಗುವುದು ನಿಂತ ಮೇಲೂ ಕಾರ್ಬುರೇಟರ್ ತೊಳೆದು, ಚೈನ್ ಉಜ್ಜಿ ಹರಿತ ಮಾಡಿ ಹೇಗೋ ಓಡಿಸುತ್ತಿದ್ದೇನೆ. ಕುಣಿಗಲ್‌ನ ಬಾಮೈದ ಲೋಕೇಶ ಅದನ್ನು ಒಯ್ದಿದ್ದ. ಬೆಳಿಗ್ಗೆ ವಾಪಸ್ ತಂದ.

“ನೀವು ತುಂಬ್ಸಿದ್ದು ಖಾಲಿ ಆಗಿತ್ತು ಬಾವ. ದಾರೀಲಿ ಪೆಟ್ರೋಲ್ ಫುಲ್ ಮಾಡಿಸ್ಕಂಡ್ ಬಂದೆ.”

“ಆಯಿಲ್ ಹಾಕ್ದಾ?”

“ಚೈನಿಗೆ ಹಾಕಿದೀನಲ್ಲ.”

“ಪೆಟ್ರೋಲಿಗೆ ಕಣೋ! ಬೆರೆಸ್ದೆ ಓಡ್ಸಿದ್ರೆ ಎಂಜಿನ್ನೇ ಹಿಡ್ಕೊಂಬುಡ್ತದೆ. ಸ್ಟಾರ್ಟ್ ಮಾಡ್ದಾ?”

“ಇಲ್ಲ, ನೇರ ಇಲ್ಲಿಗೇ ತಂದೆ.”

ಹೋದ ಜೀವ ಬಂದಂತಾಯಿತು. ಟ್ಯಾಂಕ್ ಬಗ್ಗಿಸಿ ಅಷ್ಟನ್ನೂ, ಆಯಿಲ್ ಬೆರೆಸದ ಪೆಟ್ರೋಲಿನಲ್ಲೇ ಓಡುವ ನನ್ನ ಬೈಕಿಗೆ ಸುರಿದೆ. ಲೋಕೇಶನ ಮುಖ ಸಣ್ಣಗಾಯಿತು. ಅಡುಗೆಮನೆಯಿಂದ ಬಂದ ಹೆಂಡತಿ ನೋಡಿದ್ದು ಇಷ್ಟನ್ನೇ.

“ನನ್ ತಮ್ಮ ತಂದಿದ್ದು ಅಂದ್ರೆ ಪೆಟ್ರೋಲೂ ಆಗಲ್ವಾ ನಿಮ್ಗೆ?”

ನಾನು ಆಯಿಲ್ ಬೆರೆಸಿದ ಪೆಟ್ರೋಲ್ ತುಂಬಿ ಹಗ್ಗ ಎಳೆದೆ. ಮಿಷನ್ ಗುರ್ರೆಂದು ಶುರುವಾಯಿತು. ಆಫ್ ಮಾಡುವಷ್ಟರಲ್ಲಿ ಹೆಂಡತಿ ಮುಖ ತಿರುಗಿಸಿ ಒಳಗೆ ಹೋದಳು.

ಲೋಕೇಶ ಕಾಫಿ ಕೂಡ ಕುಡಿಯದೆ ಹೊರಟ. ಗೇಟಿನವರೆಗೆ ಹೋದವನು ತಿರುಗಿ ಬಂದು ಮಿಷನ್ ಎತ್ತಿಕೊಂಡ.

“ನಮ್ ಪಕ್ಕದ ಮನೆಯೋರೂ ಕೇಳಿದ್ರು ಬಾವ. ಕೊಟ್ಬುಟ್ ತರ್ತೀನಿ.”

ಬೆರೆಸಿದ ಪೆಟ್ರೋಲಿನ ಬಾಟಲಿಯನ್ನೂ ಅವನ ಕೈಗಿಟ್ಟೆ. ಅವನಿಗೆ ಕೋಪ ಇರುವುದು ನನ್ನ ಮೇಲೆ ತಾನೇ, ಪಾಪ, ಮಿಷನ್ ಏನು ಮಾಡಿತ್ತು!