ಎಪ್ಪತ್ತೆರಡಕ್ಕೆ ಬಂದ ಮೀಟರ್

ಬಿಟಿಎಂ ಲೇಔಟಿನ ಒಂದೇ ಕೋಣೆಯ ಮನೆಯಲ್ಲಿ ಐದು ಜನ. ದುಡಿಯುವ ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ಮೊಣಕೈಗೆ ಮೊಣಕೈ ತಾಗುವಷ್ಟು ಜನ. ಲತಾಮಣಿ ಹುಟ್ಟಿದಾಗಿನಿಂದ ಒಬ್ಬಳೇ ಮಲಗಿದವಳಲ್ಲ. ಥೈರಾಯ್ಡ್ ಕ್ಯಾನ್ಸರಿನ ಆಪರೇಶನ್ ಆದ ಮೇಲೆ, ಉಳಿದ ಚೂರುಪಾರು ಸುಡಲೆಂದು ಆಸ್ಪತ್ರೆಯವರು ವಿಕಿರಣ ಸೂಸುವ ಗುಳಿಗೆ ನುಂಗಿಸಿ ಅವಳನ್ನು ಸೀಸದ ಬಾಗಿಲಿನ ಕೋಣೆಯಲ್ಲಿ ಕೂಡಿಹಾಕಿದರು. ಕಿಟಕಿ ತೆರೆಯುವಂತಿರಲಿಲ್ಲ. ನರ್ಸ್ ಊಟದ ತಟ್ಟೆ ಹೊಸ್ತಿಲಲ್ಲಿಟ್ಟು ಸರಸರನೆ ಹೊರಟುಬಿಡುತ್ತಿದ್ದಳು.

ಬೆಳಿಗ್ಗೆ ಅವಳ ಮೈಯಿಂದ ಹೊಮ್ಮುವ ವಿಕಿರಣ ಅಳೆಯುವ ಹೇಮಶ್ರೀ ಬಾಗಿಲಲ್ಲೇ ನಿಂತು ಮೀಟರ್ ಹಿಡಿಯುತ್ತಿದ್ದಳು. ಐವತ್ತರ ಕೆಳಗಿಳಿದರೆ ಮನೆಗೆ. ಮೊದಲ ದಿನ ಇನ್ನೂರು, ಮಾರನೆಯ ದಿನ ನೂರಿಪ್ಪತ್ತು. ದಿನಕ್ಕೆ ಎಂಬತ್ತರಂತೆ ನಾಳೆ ನಲವತ್ತು ಎಂದುಕೊಂಡ ಲತಾಮಣಿ ಗಂಡ ಸುಭಾಷನಿಗೆ ಫೋನ್ ಮಾಡಿದಳು. "ನಾಳೆ ಬಿಡ್ತಾರೆ ಕಣ್ರೀ. ಪಾಪುಗೆ ಹೇಳಿ."

ಮರುದಿನ ತಲೆ ಬಾಚಿಕೊಂಡು ಕಾದಳು. ಮೀಟರ್ ಎಪ್ಪತ್ತೆರಡು ತೋರಿಸಿತು.

"ಇದೇನು ಮೇಡಂ, ಬರೀ ನಲವತ್ತೆಂಟು ಇಳಿದಿದೆ! ಇಳಿಯೋದೇ ಹಿಂಗೆ ಕಮ್ಮಿ ಆಗ್ತಾ ಹೋದ್ರೆ ನಾನಿಲ್ಲೇ ಕೊಳೀಬೇಕಾ?"

"ಕಳೆದು ನೋಡ್ಬೇಡಿ ಅಕ್ಕ. ಇನ್ನೂರಲ್ಲಿ ನೂರಕ್ಕೆ ನಲವತ್ತರಂತೆ ಹೋಯ್ತು, ಅದು ಎಂಬತ್ತು. ನೂರಿಪ್ಪತ್ತರಲ್ಲೂ ನೂರಕ್ಕೆ ನಲವತ್ತೇ, ಅದು ನಲವತ್ತೆಂಟು. ಉಳಿದಿದ್ದು ಕಮ್ಮಿ ಆದಂಗೆ ಹೋಗೋದೂ ಕಮ್ಮಿ. ಪಾಲು ಮಾತ್ರ ಅದೇ."

"ಹಂಗಾದ್ರೆ ಪೂರ್ತಿ ಹೋಗೋದೇ ಇಲ್ವಾ?"

"ಲೆಕ್ಕದಲ್ಲಿ ಸೊನ್ನೆ ಆಗೋದೇ ಇಲ್ಲ," ಎಂದು ಹೇಮಶ್ರೀ ಒಪ್ಪಿಕೊಂಡಳು. "ಆದ್ರೆ ನಾಳೆ ನಲವತ್ಮೂರಕ್ಕೆ ಬರುತ್ತೆ. ನಿಮಗೆ ಅಷ್ಟು ಸಾಕು."

ಬಾಗಿಲು ಮುಚ್ಚಿತು. ಸೊನ್ನೆ ಆಗೋದೇ ಇಲ್ಲ ಅನ್ನುವ ಮಾತು ಮಾತ್ರ ಒಳಗೇ ಉಳಿಯಿತು. ಲತಾಮಣಿ ತನ್ನ ಅಂಗೈಗಳನ್ನೇ ಅನುಮಾನದಿಂದ ನೋಡಿಕೊಂಡಳು. ಪಾಪು ಫೋನಿನಲ್ಲಿ "ಯಾಕಮ್ಮ ಬರ್ಲಿಲ್ಲ?" ಎಂದು ಕೇಳಿದಳು.

ಮಾರನೆಯ ದಿನ ಹೇಮಶ್ರೀ ಹೇಳಿದಂತೆ ನಲವತ್ಮೂರು. ಬಿಟ್ಟರು, ಆದರೆ ಇನ್ನೊಂದು ವಾರ ಮಗುವನ್ನು ಹತ್ತಿರ ಸೇರಿಸಬಾರದೆಂದರು. ಒಂದೇ ಕೋಣೆಯಲ್ಲಿ ದೂರವೆಂದರೆ ಎಲ್ಲಿ? ಅತ್ತೆ ಮಾವ ಪಾಪುವನ್ನು ಕರೆದುಕೊಂಡು ಗೊಟ್ಟಿಗೆರೆಯ ನಾದಿನಿಯ ಮನೆಗೆ ಹೊರಟರು. ಆಟೋ ತಿರುವು ದಾಟುವವರೆಗೂ ಲತಾಮಣಿ ಬಾಗಿಲಿನೊಳಗೇ ನಿಂತಿದ್ದಳು. ಸುಭಾಷ್ ಚಾಪೆ ಎತ್ತಿಕೊಂಡು ಟೆರೇಸಿಗೆ ಹೋದ.

ವಾರ ಕಳೆದು ಪಾಪು ಬಂದಳು. ಅಜ್ಜಿ ಕಲಿಸಿದಂತೆ ಮೆಟ್ಟಿಲಲ್ಲೇ ನಿಂತು, "ಈಗ ಮುಟ್ಬೋದಾ ಅಮ್ಮ?" ಎಂದಳು. ಲತಾಮಣಿ ಸೆರಗಿಗೆ ಕೈ ಉಜ್ಜಿಕೊಂಡಳು. ಇನ್ನೊಮ್ಮೆ ಉಜ್ಜಿಕೊಂಡಳು. ಆಮೇಲೆ ನೆಲಕ್ಕೆ ಕುಳಿತು ತೋಳು ಚಾಚಿದಳು.