ಕೌದಿಯ ಹೊಟ್ಟೆಗೆ ರೊಟ್ಟಿ

ಕೌದಿ ಆಯಿಯ ಎಡಗೈ ತೋರುಬೆರಳಿನ ತುದಿ ಸೂಜಿ ಚುಚ್ಚಿ ಚುಚ್ಚಿ ಹುಣಸೆಬೀಜದಂತೆ ಗಟ್ಟಿಯಾಗಿತ್ತು. ಚಿಕ್ಕವಳಿದ್ದಾಗ ನಾನು ಅದನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದೆ. "ಏನ್ ನೋಡ್ತೀ? ನಿನಗೂ ಹತ್ತು ಬೆರಳವ" ಎಂದು ಗದರುತ್ತಿದ್ದಳು, ಬೆರಳನ್ನು ಮಾತ್ರ ಹಿಂದಕ್ಕೆ ಎಳೆದುಕೊಳ್ಳುತ್ತಿರಲಿಲ್ಲ.

ಹುಮನಾಬಾದಿನ ಮಗ್ಗುಲಿನ ಮಾಣಿಕನಗರದಲ್ಲಿ, ನಮ್ಮ ಓಣಿಯ ಕೊನೆಯ ತಗಡಿನ ಖೋಲಿಯಲ್ಲಿ ಅವಳು ಒಬ್ಬಳೇ ಇದ್ದಳು. ಎಲ್ಲಿಂದ ಬಂದಿರಿ ಎಂದು ಕೇಳಿದವರಿಗೆ "ಬಸ್ಸಿನಾಗ ಬಂದೀನ್ರಿ" ಎನ್ನುತ್ತಿದ್ದಳು. ಮನೆಮನೆಯ ಹಳೆಯ ಸೀರೆಗಳನ್ನು ಪದರ ಪದರ ಹಾಸಿ, ಆ ಮನೆಯ ಅಂಗಳದಲ್ಲೇ ಕೂತು ಕೌದಿ ಹೊಲಿಯುವುದು ಅವಳ ಕೆಲಸ. ಕೌದಿ ಮುಗಿಯುವಾಗ ಒಂದು ಮೂಲೆ ಬಿಟ್ಟು, ಅದರೊಳಗೆ ರೊಟ್ಟಿಯ ಚೂರಿಟ್ಟು ಹೊಲಿದುಬಿಡುವುದು ನಮ್ಮ ಮನೆಗಳ ಪದ್ಧತಿ. ಕೌದಿಯ ಹೊಟ್ಟೆ ಹಸಿದರೆ ಹೊದ್ದವರ ಹೊಟ್ಟೆಯೂ ಹಸಿಯುತ್ತದಂತೆ. ಬೇರೆಯವರು ಉಗುರಿನಷ್ಟು ಚೂರು ಇಡುತ್ತಾರೆ. ಆಯಿ ತನ್ನ ಮನೆಯಿಂದಲೇ ತಂದು ಕಾಲು ರೊಟ್ಟಿ ಇಡುತ್ತಿದ್ದಳು. ಅವ್ವ ನಕ್ಕರೆ, "ಹೊಟ್ಟಿ ತುಂಬ ಉಣ್ಲಿ ಬಿಡವ್ವಾ. ಇದಕ್ಕ ಯಾರೂ ಲೆಕ್ಕ ಕೇಳಂಗಿಲ್ಲ" ಎನ್ನುವಳು. ರೊಟ್ಟಿಗೆ ಲೆಕ್ಕ ಕೇಳುವವರು ಇರುತ್ತಾರೆಂದು ನಮಗೇನು ಗೊತ್ತು?

ನನಗೆ ಹದಿನೈದಾದಾಗ ಅಪ್ಪನ ಆಟೊ ಹೆದ್ದಾರಿಯಲ್ಲಿ ಮಗುಚಿ ಅವನ ಕಾಲು ಮುರಿಯಿತು. ಆಪರೇಷನ್ನಿಗೆ ಹಣವಿರಲಿಲ್ಲ. ಪರಿಚಯದವರ ಪರಿಚಯವೆಂದು ಒಬ್ಬ ಹೆಂಗಸು ಬಂದಳು. ಪುಣೆಯಲ್ಲಿ ದೊಡ್ಡ ಮನೆ, ಅಡುಗೆ ಕೆಲಸ, ಕೈಗೆ ಮುಂಗಡ. ನೋಟಿನ ಕಟ್ಟು ಅವ್ವನ ಉಡಿಗೆ ಬಿದ್ದೂ ಆಯಿತು. ಅಂಗಳದಲ್ಲಿ ಆಯಿ ನಮ್ಮ ಹೊಸ ಕೌದಿ ಮುಗಿಸಿ ದಾರ ಕಡಿಯುತ್ತಿದ್ದಳು.

"ಮುಂಗಡ ತೀರೋ ತನಕ ಫೋನ್ ಮಾಡಬ್ಯಾಡ್ರಿ. ಮನಿ ನೆನಪಾದ್ರ ಹುಡುಗಿ ಮನಸ್ಸು ನಿಂದ್ರಂಗಿಲ್ಲ" ಎಂದಳು ಆ ಹೆಂಗಸು.

ಆಯಿ ಸೂಜಿಯನ್ನು ಸೆರಗಿಗೆ ಸಿಕ್ಕಿಸಿ ಎದ್ದಳು. "ಇದೇ ಮಾತು ನಮ್ಮವ್ವಗೂ ಹೇಳಿದ್ರು. ನನ್ನ ಒಯ್ದದ್ದು ಅಡಗಿಗಿ ಅಲ್ಲ, ಗಂಡಸರ ಮುಂದ ನಿಂದ್ರಸಾಕ. ತಿಂದ ರೊಟ್ಟಿ, ಉಟ್ಟ ಸೀರಿ, ಜ್ವರದ ಗುಳಗಿ, ಎಲ್ಲಾ ಸಾಲಕ್ಕ ಸೇರಸ್ತಿದ್ರು. ಹನ್ನೊಂದು ವರ್ಷ ನಾ ಸವದೆ, ಸಾಲ ಸವೀಲಿಲ್ಲ. ಪೋರಿನ್ನ ಕಳಸಬ್ಯಾಡವ್ವಾ."

ಆ ಹೆಂಗಸು ಸುಳ್ಳೆಂದು ಕೂಗಾಡಿದಳು. ಓಣಿಯೆಲ್ಲ ಸೇರಿತು. ಅಷ್ಟೂ ಜನರ ಎದುರು ಆಯಿ ಅದನ್ನೇ ಇನ್ನೊಮ್ಮೆ ಹೇಳಿದಳು. ಅವ್ವ ಹಣ ಹಿಂದಕ್ಕೆ ಕೊಟ್ಟಳು. ಅಪ್ಪನ ಕಾಲು ಕುಂಟಾಯಿತು, ನಾನು ಉಳಿದೆ.

ಅದಕ್ಕೆ ಬೆಲೆ ತೆತ್ತವಳು ಆಯಿ. ಮರುವಾರದಿಂದ ಓಣಿಯಲ್ಲಿ ಯಾರ ಮನೆಯಲ್ಲೂ ಹಳೆಯ ಸೀರೆಯೇ ಇಲ್ಲದಂತಾಯಿತು. ಮಕ್ಕಳು ಮಲಗುವ ಕೌದಿಗೆ ಅಂಥವಳ ಕೈ ಬೇಡವಂತೆ. ಬೇರೆಯವರನ್ನೇನು ಅನ್ನಲಿ? ಒಂದು ಮಧ್ಯಾಹ್ನ ನಮ್ಮವ್ವನೇ ಹೊಸ್ತಿಲಲ್ಲಿ ಕೂತು ಕೌದಿಯ ಮೂಲೆ ಬಿಚ್ಚಿ, ಆಯಿಯ ಒಣರೊಟ್ಟಿ ತೆಗೆದು ಬೀದಿಗೆಸೆದಳು. ತನ್ನದೊಂದು ಚೂರಿಟ್ಟು ಹೊಲಿದಳು. ನಾನು ನೋಡುತ್ತ ನಿಂತಿದ್ದೆ, ತಡೆಯಲಿಲ್ಲ. ಆ ನಾಚಿಕೆ ಇನ್ನೂ ನನ್ನನ್ನು ಬಿಟ್ಟಿಲ್ಲ.

ಆಮೇಲೆ ಆಯಿ ದಿನಾ ಬಸವಕಲ್ಯಾಣಕ್ಕೆ ಹೋಗಿ ಬಜಾರಿನಲ್ಲಿ ಬಟ್ಟೆಯ ಚೀಲ ಮಾರುತ್ತಿದ್ದಳು. ನನಗೆ ಅಲ್ಲೇ ನರ್ಸ್ ಕೆಲಸ ಸಿಕ್ಕಿದ ಮೇಲೆ ಸಂಜೆ ಬಸ್ಸಿನಲ್ಲಿ ಪಕ್ಕ ಕೂರುತ್ತಿದ್ದೆವು. ಇಳಿದೊಡನೆ, "ನೀ ಮುಂದ ನಡಿ, ನಾ ಹಿಂದಿಂದ ಬರ್ತೀನಿ" ಎನ್ನುತ್ತಿದ್ದಳು. ನಾನು ತಿರುಗಿ ನೋಡಿದರೆ ಅಲ್ಲೇ ನಿಂತಿರುತ್ತಿದ್ದಳು.

ಮಗಳು ಹುಟ್ಟಿದಾಗ ನನ್ನ ನಾಲ್ಕು ಸೀರೆ ಒಯ್ದು ಕೊಟ್ಟೆ. ಮೂರು ತಿಂಗಳು ಹೊಲಿದಳು. ಕೊಡುವಾಗ ಒಂದು ಮೂಲೆ ತೆರೆದೇ ಇತ್ತು.

"ರೊಟ್ಟಿ ಹಾಕಿಲ್ಲಲ್ಲ, ಆಯಿ?"

"ನಿಮ್ಮವ್ವಗ ಮತ್ತ ಬಿಚ್ಚೋ ತ್ರಾಸ ಯಾಕ?" ಎಂದಳು.

ಇಷ್ಟು ವರ್ಷವೂ ಅವಳಿಗೆ ಗೊತ್ತಿತ್ತು! ನಾನು ಅವಳ ಬುಟ್ಟಿಯಿಂದ ರೊಟ್ಟಿ ತೆಗೆದು ಅವಳ ಕೈಗೇ ಕೊಟ್ಟೆ. ಸೂಜಿಗೆ ದಾರ ಪೋಣಿಸಿದೆ. ಅವಳು ಕಾಲು ಭಾಗ ಮುರಿದು ಒಳಗಿಟ್ಟು ಹೊಲಿದಳು.

ಆ ಬೇಸಿಗೆಯಲ್ಲೇ ತೀರಿಕೊಂಡಳು. ಅವಳನ್ನು ಒಯ್ಯುವಾಗ ನಮ್ಮ ಓಣಿಯಿಂದ ಹಿಂದೆ ನಡೆದವನು ಅಪ್ಪನೊಬ್ಬನೇ, ಕುಂಟುತ್ತ.

ಮೊನ್ನೆ ಅವ್ವ ನನ್ನ ಮಗಳನ್ನು ಮಲಗಿಸುತ್ತಿದ್ದಳು. ಕೌದಿಯ ಮೂಲೆಯ ಗಟ್ಟಿಯನ್ನು ಮುಟ್ಟಿ ನೋಡಿ, "ಯಾರ ರೊಟ್ಟಿ ಇದು?" ಎಂದಳು.

"ಆಯಿದು" ಎಂದೆ.

ಅವ್ವ ಆ ಮೂಲೆಯನ್ನೇ ಎಳೆದು ಮಗುವಿನ ಹೆಗಲಿಗೆ ಹೊದಿಸಿದಳು.