ತಗಡಿನ ಶೆಡ್ಡಿಗೆ ಹೊಂದಿದ ಡ್ರಮ್ಮು

ಗಜೇಂದ್ರಗಡದ ತೌಸೀಫ ಮದುವೆ ಬ್ಯಾಂಡಿನಲ್ಲಿ ಡ್ರಮ್ ಬಾರಿಸುತ್ತಿದ್ದವನು. ಮೊಣಕೈ ಮುರಿದ ಮೇಲೆ ಕಂಪ್ಯೂಟರ್ ಕೊಂಡು ನಾಟಕಗಳಿಗೆ ಸಂಗೀತ ಕೂಡಿಸತೊಡಗಿದ. 2007ರಲ್ಲಿ ರೋಣದಲ್ಲಿ ಕ್ಯಾಂಪ್ ಹಾಕಿದ್ದ ನಾಟಕ ಕಂಪನಿಯ ಮಾಲಕ ಕೊಟ್ರೇಶ ಯುದ್ಧದ ದೃಶ್ಯಕ್ಕೆ ಸಂಗೀತ ಕೇಳಿದ. ಮೆಚ್ಚಿದರೆ ಕಂಪನಿಯ ಎಲ್ಲ ನಾಟಕಗಳೂ ತೌಸೀಫನಿಗೆ, ಇಲ್ಲದಿದ್ದರೆ ಹುಬ್ಬಳ್ಳಿಯವರಿಗೆ.

ಕಂಪ್ಯೂಟರಿನಲ್ಲಿ ಪಿಟೀಲು, ಕಹಳೆಗಳ ಮೇಳ ಸಿದ್ಧವಾಗಿತ್ತು. ಡ್ರಮ್ ಆರಿಸುವುದಷ್ಟೇ ಉಳಿದಿತ್ತು. ಬೇರೆಯವರು ಎಲ್ಲೆಲ್ಲೋ ಬಾರಿಸಿ ರೆಕಾರ್ಡ್ ಮಾಡಿಟ್ಟ ಡ್ರಮ್ ದನಿಗಳ ಸೆಟ್ಟುಗಳಿದ್ದ ಸಿಡಿ ಅವನ ಬಳಿ ಇತ್ತು. ದೊಡ್ಡ ಸಭಾಂಗಣದಲ್ಲಿ ಬಾರಿಸಿದ ಸೆಟ್ಟು ಹೆಡ್‌ಫೋನಿನಲ್ಲಿ ಗುಡುಗಿನಂತೆ ಕೇಳಿತು. ಅದನ್ನೇ ಜೋಡಿಸಿದ. ಆದರೆ ಕಂಪನಿಯ ತಗಡಿನ ಶೆಡ್ಡಿನಲ್ಲಿ ತಾಲೀಮಿಗೆ ಹಾಕಿದಾಗ ಆ ಗುಡುಗಿಗೆ ತಗಡೂ ದನಿಗೂಡಿಸಿ, ಪಿಟೀಲು ಮುಳುಗಿಯೇ ಹೋಯಿತು.

"ಯುದ್ಧ ನಡದೈತೋ, ಖಾಲಿ ಟ್ರ್ಯಾಕ್ಟರ್ ಹೊಂಟೈತೋ ತಮ್ಮಾ?" ಎಂದ ಕೊಟ್ರೇಶ.

ಮರುದಿನ ತೌಸೀಫ ಕಂಪ್ಯೂಟರನ್ನೇ ಬೈಕಿಗೆ ಕಟ್ಟಿಕೊಂಡು ಶೆಡ್ಡಿಗೆ ಬಂದ. ಸಣ್ಣ ಕೋಣೆಯಲ್ಲಿ ಬಾರಿಸಿದ, ಏಟಿನ ಹಿಂದೆ ಮೊಳಗುವ ಗುಂಗಿಲ್ಲದ ಸೆಟ್ಟೊಂದನ್ನು ಕೇಳಿಸಿದ.

"ಇದು ಎಣ್ಣಿ ಡಬ್ಬಿ ಬಡದಂಗ ಐತಲ್ಲೋ!"

"ಬರೇ ಡ್ರಮ್ ಕೇಳಿದ್ರ ಹಂಗ ಅನಸ್ತೈತ್ರಿ ಮಾಲಕರ. ಮೇಳದ ಕೂಡ ಕೇಳ್ರಿ. ಗುಂಗು ನಿಮ್ಮ ತಗಡ ಕೊಡತೈತಿ."

ಎಲ್ಲವನ್ನೂ ಕೂಡಿಸಿ ಹಾಕಿದ. ಡ್ರಮ್ಮಿನ ಪ್ರತಿ ಏಟಿಗೂ ಶೆಡ್ಡು ಒಮ್ಮೆ ಗುಂಯ್‌ಗುಟ್ಟಿ ಸುಮ್ಮನಾಯಿತು. ಪಿಟೀಲು ಸ್ಪಷ್ಟವಾಗಿ ಕೇಳಿತು. ಕಟ್ಟಿಗೆಯ ಕತ್ತಿ ಹಿಡಿದು ನಿಂತಿದ್ದ ನಟರ ಕಾಲುಗಳು ಯಾರೂ ಹೇಳದೆಯೇ ಹೆಜ್ಜೆ ಹಾಕಿದವು.

ಕೊಟ್ರೇಶ ಹೊಗಳಲಿಲ್ಲ. "ಮುಂದಿನ ನಾಟಕದಾಗ ಯುದ್ಧ ಇಲ್ಲ, ಗಂಡ-ಹೆಂಡ್ತಿ ಜಗಳ ಐತಿ. ಅದಕ್ಕ ಯಾವ ಡ್ರಮ್ ಹಾಕ್ತಿ?" ಎಂದ.

"ಅದಕ್ಕ ಖರೇ ಎಣ್ಣಿ ಡಬ್ಬಿನ ತರತೀನ್ರಿ," ಎಂದು ತೌಸೀಫ ವೈರು ಸುತ್ತತೊಡಗಿದ.